ರಿಸರ್ವ್ ಬ್ಯಾಂಕು ಬಂತು, ರೈತನ ಪಾಲಿಗೆ ಏನು ಬಂತು?

(ಜಗಳೂರು ತಾಲ್ಲೂಕಿನ ರೈತರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಬ್ಯಾಂಕಿನ ವಿಚಾರ ಅಂದ ಕೂಡಲೇ ಸಾಲ ಮನ್ನಾದ ಮಾತು ಬರುತ್ತೆ ಅಂತ ನೀವು ಕಾದಿರಬಹುದು. ಇವತ್ತು ಆ ಮಾತು ಬದಿಗಿಟ್ಟು, ಬ್ಯಾಂಕಿನ ತಳಪಾಯ ನೋಡೋಣ ಅಂತ ಬಂದಿದ್ದೇನೆ. ನಿಮ್ಮ ಜೇಬಿನಲ್ಲಿರುವ ನೂರರ ನೋಟಿನ ಮೇಲೆ ಯಾರ ಹೆಸರಿದೆ? ರಿಸರ್ವ್ ಬ್ಯಾಂಕಿನದು. ನೀವು ಪಹಣಿ ಹಿಡಿದು ಹೋಗುವ ಬ್ಯಾಂಕು ಬಡ್ಡಿ ಹೇಗೆ ಹಾಕಬೇಕು, ಜಾಮೀನು ಎಷ್ಟು ಕೇಳಬೇಕು ಅನ್ನೋ ನಿಯಮ ಎಲ್ಲಿಂದ ಬರುತ್ತೆ? ಅಲ್ಲಿಂದಲೇ. ಆದರೂ ಅದರ ಬಾಗಿಲು ತುಳಿದವರು ನಮ್ಮಲ್ಲಿ ಯಾರೂ ಇಲ್ಲ. ತುಳಿದರೂ ಅದು ರೈತನಿಗೆ ನೇರವಾಗಿ ಒಂದು ಪೈಸೆ ಸಾಲ ಕೊಡೋದಿಲ್ಲ. ಅದು ಬ್ಯಾಂಕುಗಳಿಗೆ ಬ್ಯಾಂಕು.

ನಾನು ಹೇಳಬೇಕಾದ್ದು ಇಷ್ಟೇ. ರಿಸರ್ವ್ ಬ್ಯಾಂಕು ಹುಟ್ಟಿದ ಮೇಲೆ ಈ ದೇಶದಲ್ಲಿ ಬ್ಯಾಂಕು ಗಟ್ಟಿಯಾಯಿತು. ಅದರ ಜೊತೆಗೇ ರೈತ ಗಟ್ಟಿಯಾಗಲಿಲ್ಲ. ರೈತನಿಗೆ ಸಿಕ್ಕ ಪ್ರತಿಯೊಂದು ಅನುಕೂಲಕ್ಕೂ ಬೇರೆಯಾಗಿ ಒಂದು ಕಾನೂನೋ ಆದೇಶವೋ ಬೇಕಾಯಿತು. ಅದು ಗೊತ್ತಿದ್ದು ಕೇಳಿದವನಿಗೆ ಮಾತ್ರ ದಕ್ಕಿತು. ಇದನ್ನು ಇಸವಿ ಸಮೇತ ಹೇಳ್ತೇನೆ, ಲೆಕ್ಕ ನೀವೇ ಹಾಕಿ.

ಮೊದಲು ಹೇಗಿತ್ತು?

1935ಕ್ಕೆ ಮುಂಚೆ ಹಣದ ಯಜಮಾನಿಕೆ ಎರಡು ಕೈಯಲ್ಲಿತ್ತು. ನೋಟು ಹೊರಡಿಸೋದು ಬ್ರಿಟಿಷ್ ಸರ್ಕಾರ. ಸಾಲದ ಬಡ್ಡಿಗೆ ಮೇಲ್ಪಂಕ್ತಿ ಹಾಕೋದು ಇಂಪೀರಿಯಲ್ ಬ್ಯಾಂಕು. ಇದು 1921ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸಿನ ಮೂರು ಬ್ಯಾಂಕುಗಳನ್ನು ಸೇರಿಸಿ ಮಾಡಿದ್ದು. ಎಡಗೈ ಮಾಡಿದ್ದು ಬಲಗೈಗೆ ಹೊಂದುತ್ತಿರಲಿಲ್ಲ.

ಇದರಿಂದ ರೈತನಿಗೆ ಏನಾಯಿತು? ಸುಗ್ಗಿ ಬಂದಾಗ ಹತ್ತಿ, ಶೇಂಗಾ, ಜೋಳ ಎಲ್ಲ ಒಟ್ಟಿಗೆ ಪೇಟೆಗೆ ಇಳಿಯುತ್ತೆ. ಕೊಳ್ಳುವ ವ್ಯಾಪಾರಿಗಳೆಲ್ಲರಿಗೂ ಅದೇ ಹೊತ್ತಿಗೆ ಹಣ ಬೇಕು. ಬೇಕಾದಾಗ ಹಣ ಸಡಿಲ ಬಿಡುವ ಕೈ ಒಂದಿರಲಿಲ್ಲ. ಹಣ ಬಿಗಿಯಾಗೋದು, ಬಡ್ಡಿ ಏರೋದು. ಮಳೆಗಾಲದಲ್ಲಿ ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದ ಇಂಪೀರಿಯಲ್ ಬ್ಯಾಂಕಿನ ದರ ಸುಗ್ಗಿ ಕಾಲದಲ್ಲಿ ಏಳಕ್ಕೆ, ಎಂಟಕ್ಕೆ ಏರಿದ ವರ್ಷಗಳು 1920ರ ದಶಕದಲ್ಲಿ ಇದ್ದವು. ನೂರು ರೂಪಾಯಿ ಮಾಲಿಗೆ ಆರು ತಿಂಗಳು ಸಾಲ ತಂದರೆ ನಾಲ್ಕರ ದರದಲ್ಲಿ ಬಡ್ಡಿ ಎರಡು ರೂಪಾಯಿ, ಎಂಟರ ದರದಲ್ಲಿ ನಾಲ್ಕು ರೂಪಾಯಿ. ಹೆಚ್ಚಿನ ಎರಡು ರೂಪಾಯಿಯನ್ನು ವ್ಯಾಪಾರಿ ತನ್ನ ಲಾಭದಲ್ಲಿ ಮುರಿದುಕೊಳ್ತಾನಾ? ಕೈಲಾದಷ್ಟನ್ನು ಮಾಲಿನ ಬೆಲೆಯಲ್ಲೇ ಮುರೀತಾನೆ. ಅಂದರೆ ಬಡ್ಡಿ ಏರಿದ್ದು ಪೇಟೆಯಲ್ಲಿ, ಅದನ್ನು ತೆತ್ತವನು ಕಣದಲ್ಲಿ ನಿಂತವನು.

ಜಗಳೂರು ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಸಂಸ್ಥಾನ ಬೇರೆಯಾದರೂ ಓಡುತ್ತಿದ್ದದ್ದು ಬ್ರಿಟಿಷ್ ಇಂಡಿಯಾದ ರೂಪಾಯಿಯೇ. ಸಂಸ್ಥಾನದಲ್ಲಿ ಬ್ಯಾಂಕೇ ಇರಲಿಲ್ಲ ಅಂತಲ್ಲ. 1905ರಲ್ಲೇ ಸಹಕಾರ ಸಂಘಗಳ ಕಾಯ್ದೆ ಬಂದಿತ್ತು. ಅದೇ ವರ್ಷ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. 1913ರಲ್ಲಿ ಮೈಸೂರು ಬ್ಯಾಂಕು, 1929ರಲ್ಲಿ ಭೂ ಅಡಮಾನ ಬ್ಯಾಂಕು ಹುಟ್ಟಿದವು. ಆದರೆ ಹಳ್ಳಿಯಲ್ಲಿ ಬೀಜಕ್ಕೆ, ಎತ್ತಿಗೆ, ಮದುವೆಗೆ ಸಾಲ ಅಂದರೆ ಸಾಹುಕಾರ, ಇಲ್ಲವೇ ಪೇಟೆಯ ಮಂಡಿ. ಮಂಡಿಯ ಸಾಲಕ್ಕೆ ಒಂದು ಷರತ್ತು: ಬೆಳೆ ಅವರಿಗೇ ಹಾಕಬೇಕು, ಬೆಲೆ ಅವರು ಹೇಳಿದ್ದು.

ಬ್ಯಾಂಕಿನಲ್ಲಿ ಹಣ ಇಟ್ಟವರಿಗೂ ನಿಶ್ಚಿಂತೆ ಇರಲಿಲ್ಲ. 1906ರಲ್ಲಿ ಮದರಾಸಿನ ಅರ್ಬತ್ನಾಟ್ ಕಂಪನಿ ಮುಳುಗಿ ಸಾವಿರಾರು ಜನರ ಉಳಿತಾಯ ಹೋಯಿತು. ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಶುರುವಾದದ್ದೂ ಅದೇ ವರ್ಷ. ಯಾವುದು ಉಳಿಯುತ್ತೆ, ಯಾವುದು ಮುಳುಗುತ್ತೆ ಅಂತ ಹೇಳುವವರು ಯಾರೂ ಇರಲಿಲ್ಲ, ಮೇಲೆ ನೋಡುವವರೂ ಇರಲಿಲ್ಲ.

1935ರ ಏಪ್ರಿಲ್ 1

ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಒಂದು ಕೇಂದ್ರ ಬ್ಯಾಂಕು ಬೇಕು ಅಂತ ಶಿಫಾರಸು ಮಾಡಿತು. ಆ ಆಯೋಗದ ಮುಂದೆ ಸಾಕ್ಷ್ಯ ಹೇಳಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಕಾಯ್ದೆ ಆದದ್ದು 1934ರಲ್ಲಿ, ಬ್ಯಾಂಕು ಬಾಗಿಲು ತೆಗೆದದ್ದು 1935ರ ಏಪ್ರಿಲ್ 1ರಂದು. ಬಂಡವಾಳ 5 ಕೋಟಿ, ಅದೂ ಖಾಸಗಿ ಷೇರುದಾರರದು. ಸರ್ಕಾರದ ಸ್ವತ್ತಾದದ್ದು 1949ರ ಜನವರಿ 1ರಂದು.

ಹುಟ್ಟುವಾಗಲೇ ಅದರ ತಲೆ ಮೇಲೆ ಒಂದು ಹೊರೆ ಇಟ್ಟರು. 1927ರಲ್ಲಿ ಬ್ರಿಟಿಷ್ ಸರ್ಕಾರ ಒಂದು ರೂಪಾಯಿಗೆ 18 ಪೆನ್ಸ್ ಅಂತ ದರ ಗೊತ್ತು ಮಾಡಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಅದು 16 ಪೆನ್ಸ್. ಆ 18ನ್ನು ಕಾಯೋದು ರಿಸರ್ವ್ ಬ್ಯಾಂಕಿನ ಕರ್ತವ್ಯ ಅಂತ ಕಾಯ್ದೆಯಲ್ಲೇ ಬರೆದರು. ಎರಡು ಪೆನ್ಸಿನಲ್ಲಿ ಏನಿದೆ ಅಂತೀರಾ? ಒಂದು ಪೌಂಡಿಗೆ ಆಗ 240 ಪೆನ್ಸ್. ಇಂಗ್ಲೆಂಡಿನಲ್ಲಿ ಒಂದು ಪೌಂಡಿಗೆ ಮಾರಿದ ಹತ್ತಿಗೆ 16ರ ಲೆಕ್ಕದಲ್ಲಿ ಇಲ್ಲಿ 15 ರೂಪಾಯಿ. 18ರ ಲೆಕ್ಕದಲ್ಲಿ 13 ರೂಪಾಯಿ 5 ಆಣೆ 4 ಪೈ. ಮಾಲು ಅದೇ, ಬೆವರು ಅದೇ, ಕೈಗೆ ಬಂದದ್ದು ಕಡಿಮೆ. ಸಾಹುಕಾರನ ಪತ್ರದಲ್ಲಿ ಬರೆದ ಸಾಲ ಮಾತ್ರ ಒಂದು ಆಣೆಯೂ ಕಡಿಮೆಯಾಗಲಿಲ್ಲ. ಬೆಲೆ ಇಳಿದರೆ ಸಾಲ ತಾನಾಗಿ ಭಾರವಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸರಳ ಲೆಕ್ಕ ಬೇಕಿಲ್ಲ.

ಒಳ್ಳೆಯದೂ ಆಯಿತು, ಅದನ್ನೂ ಹೇಳಬೇಕು. ನೋಟು, ಸಾಲ ಎರಡೂ ಒಂದೇ ಕೈಗೆ ಬಂದವು. ದೊಡ್ಡ ಬ್ಯಾಂಕುಗಳು ತಮ್ಮಲ್ಲಿರುವ ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾಯಿತು. ಇಕ್ಕಟ್ಟು ಬಂದರೆ ಅಲ್ಲಿಂದ ಸಾಲ ಪಡೆಯುವ ದಾರಿ ತೆರೆಯಿತು. 1935ರ ನವೆಂಬರಿನಲ್ಲಿ ಬ್ಯಾಂಕ್ ದರ ನೂರಕ್ಕೆ 3ಕ್ಕೆ ಬಂತು. 1951ರ ನವೆಂಬರಿನವರೆಗೆ ಅದು ಅಲ್ಲಾಡಲಿಲ್ಲ. ಸುಗ್ಗಿಯಲ್ಲಿ ಎಂಟು, ಮಳೆಗಾಲದಲ್ಲಿ ನಾಲ್ಕು ಅನ್ನೋ ಉಯ್ಯಾಲೆ ನಿಂತಿತು.

ಹಣ ಇಟ್ಟವನ ರಕ್ಷಣೆ ಮಾತ್ರ ನಿಧಾನವಾಗಿ ಬಂತು. 1938ರಲ್ಲಿ, ರಿಸರ್ವ್ ಬ್ಯಾಂಕು ಇದ್ದಾಗಲೇ, ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗಿತು. ಬ್ಯಾಂಕುಗಳ ತಪಾಸಣೆಗೆ, ಲೈಸೆನ್ಸಿಗೆ ಸಮಗ್ರ ಕಾಯ್ದೆ ಬಂದದ್ದು 1949ರಲ್ಲಿ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಆಮೇಲೆ ಸೋತ ಸಣ್ಣ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕುಗಳಿಗೆ ಸೇರಿಸುವ ಕೆಲಸ ಚುರುಕಾಯಿತು. 1951ರಲ್ಲಿ ದೇಶದಲ್ಲಿ 566 ಬ್ಯಾಂಕುಗಳಿದ್ದವು. 1969ರ ವೇಳೆಗೆ ನೂರಕ್ಕಿಂತ ಕಡಿಮೆ. 1962ರ ಜನವರಿ 1ರಿಂದ ಠೇವಣಿಗೆ ವಿಮೆ ಬಂತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿ; 1993ರಲ್ಲಿ ಅದು 1 ಲಕ್ಷವಾಯಿತು, 2020ರ ಫೆಬ್ರವರಿಯಲ್ಲಿ 5 ಲಕ್ಷವಾಯಿತು.

ರೈತನಿಗೆ ಬರೆದಿಟ್ಟ ಕಲಮು

ಈಗ ನಮ್ಮ ವಿಚಾರಕ್ಕೆ ಬರೋಣ. 1934ರ ಕಾಯ್ದೆಯಲ್ಲೇ ರೈತನಿಗೆ ಜಾಗ ಇತ್ತು. 54ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನಲ್ಲಿ ಕೃಷಿ ಸಾಲದ ಪ್ರತ್ಯೇಕ ಇಲಾಖೆ ಇರಬೇಕು. ವ್ಯಾಪಾರದ ಹುಂಡಿಗೆ 90 ದಿನ ಅವಧಿಯಾದರೆ, ಬೆಳೆ ಬೆಳೆಯೋದಕ್ಕೂ ಮಾರೋದಕ್ಕೂ ಬೇಕಾದ ಸಾಲಪತ್ರಕ್ಕೆ 9 ತಿಂಗಳು. ಹೊಲ ಅಂಗಡಿಯಲ್ಲ, ಬಿತ್ತಿದ್ದು ಮೂರು ತಿಂಗಳಿಗೆ ಹಣವಾಗೋದಿಲ್ಲ ಅಂತ ಕಾಯ್ದೆ ಬರೆದವರಿಗೂ ಗೊತ್ತಿತ್ತು. 1951ರಲ್ಲಿ ಆ ಅವಧಿಯನ್ನು 15 ತಿಂಗಳಿಗೆ ಏರಿಸಿದರು.

ಆದರೆ ಕಾಗದದ ಮೇಲೆ ಇದ್ದದ್ದು ಹೊಲಕ್ಕೆ ಬರಲಿಲ್ಲ. ರಿಸರ್ವ್ ಬ್ಯಾಂಕಿನ ಹಣ ರೈತನಿಗೆ ಬರಬೇಕಾದರೆ ರಾಜ್ಯದ ಸಹಕಾರ ಬ್ಯಾಂಕು, ಜಿಲ್ಲಾ ಬ್ಯಾಂಕು, ಊರಿನ ಸಂಘ ಅಂತ ಮೂರು ಕಾಲುವೆ ದಾಟಬೇಕು. ಕಾಲುವೆಯೇ ತೋಡಿರದ ಕಡೆ ಕೆರೆ ತುಂಬಿದ್ದರೆ ಏನು ಪ್ರಯೋಜನ? ಗೋರವಾಲಾ ಸಮಿತಿಯ ಮೂಲಕ ರಿಸರ್ವ್ ಬ್ಯಾಂಕೇ ನಡೆಸಿದ 1951-52ರ ಗ್ರಾಮೀಣ ಸಾಲ ಸಮೀಕ್ಷೆ ನೋಡಿ. ರೈತ ಮಾಡಿದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಬಡ್ಡಿ ವ್ಯವಹಾರದವರದು. ಸಹಕಾರ ಸಂಘಗಳದು 3.1, ಸರ್ಕಾರದ್ದು 3.3, ವಾಣಿಜ್ಯ ಬ್ಯಾಂಕುಗಳದು 0.9. ಅಂದರೆ ರಿಸರ್ವ್ ಬ್ಯಾಂಕು ಹುಟ್ಟಿ ಹದಿನಾರು ವರ್ಷವಾದ ಮೇಲೆ, ಬ್ಯಾಂಕುಗಳ ಕೈಯಿಂದ ರೈತನಿಗೆ ಬಂದದ್ದು ನೂರಕ್ಕೆ ಒಂದೂ ಇಲ್ಲ.

ಆಮೇಲೆ ಏನೇನು ಬಂತೋ ಅದೆಲ್ಲ ಕಾನೂನಿನ ಒತ್ತಾಯದಿಂದ ಬಂತು. 1955ರಲ್ಲಿ ಇಂಪೀರಿಯಲ್ ಬ್ಯಾಂಕನ್ನು ಸ್ಟೇಟ್ ಬ್ಯಾಂಕ್ ಮಾಡಿ ಸಣ್ಣ ಊರುಗಳಿಗೆ ಕಳಿಸಿದರು. 1960ರಲ್ಲಿ ಮೈಸೂರು ಬ್ಯಾಂಕು ಅದರ ಅಂಗಸಂಸ್ಥೆಯಾಯಿತು. 2017ರಲ್ಲಿ ಅದರಲ್ಲೇ ಕರಗಿತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಅವುಗಳಲ್ಲಿ ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರಲ್ಲಿ ಕಾರ್ಪೊರೇಷನ್, ವಿಜಯ ಸೇರಿ ಇನ್ನೂ ಆರು. ರಾಷ್ಟ್ರೀಕರಣಕ್ಕೆ ಮುಂಚೆ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ಕೃಷಿಯ ಪಾಲು ನೂರಕ್ಕೆ ಸುಮಾರು 2. ಆಮೇಲೆ ಕೃಷಿಗೆ ನೂರಕ್ಕೆ 18 ಕೊಡಲೇಬೇಕು ಅನ್ನೋ ಗುರಿ ಬಂತು. 1977ರಲ್ಲಿ, ಬ್ಯಾಂಕು ಇರುವ ಊರಲ್ಲಿ ಒಂದು ಶಾಖೆ ಬೇಕಾದರೆ ಇಲ್ಲದ ಊರಲ್ಲಿ ನಾಲ್ಕು ತೆಗೆಯಬೇಕು ಅಂತ ರಿಸರ್ವ್ ಬ್ಯಾಂಕು ಷರತ್ತು ಹಾಕಿತು. ಆ ಷರತ್ತು 1990ರವರೆಗೆ ನಡೆಯಿತು.

1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು. ನಮ್ಮ ಕಡೆ ಕೆನರಾ ಬ್ಯಾಂಕಿನ ಆಸರೆಯಲ್ಲಿ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ಇತ್ತು. 2005ರಲ್ಲಿ ಅದು ಪ್ರಗತಿ ಗ್ರಾಮೀಣ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಬಳ್ಳಾರಿಯಲ್ಲಿ ಮುಖ್ಯ ಕಚೇರಿ. ಜಿಲ್ಲೆಯ ಹೆಸರಿನ ಬ್ಯಾಂಕು ಹೋಗಿ ರಾಜ್ಯದ ಬ್ಯಾಂಕಾಯಿತು. ಬ್ಯಾಂಕು ದೊಡ್ಡದಾದಷ್ಟೂ ತೀರ್ಮಾನ ಮಾಡುವ ಮೇಜು ಹಳ್ಳಿಯಿಂದ ದೂರ ಸರಿಯುತ್ತೆ ಅನ್ನೋದನ್ನು ಮರೀಬೇಡಿ.

1982ರ ಜುಲೈ 12ರಂದು ನಬಾರ್ಡ್ ಹುಟ್ಟಿತು. ರಿಸರ್ವ್ ಬ್ಯಾಂಕು ತನ್ನ ಕೃಷಿ ಸಾಲದ ಕೆಲಸವನ್ನು ಅದಕ್ಕೆ ಒಪ್ಪಿಸಿತು. ಇಷ್ಟೆಲ್ಲ ಆದ ಮೇಲೆ, 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ರೈತ ಕುಟುಂಬಗಳ ಬಾಕಿ ಸಾಲದಲ್ಲಿ ನೂರಕ್ಕೆ 69.6 ಪಾಲು ಬ್ಯಾಂಕು, ಸಹಕಾರ, ಸರ್ಕಾರದ್ದು. 1951ರಲ್ಲಿ ಬಡ್ಡಿಯವರಿಗೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟು ಇವತ್ತು ಸಂಸ್ಥೆಗಳದು. ದೊಡ್ಡ ಬದಲಾವಣೆಯೇ, ಒಪ್ಪೋಣ. ಆದರೆ ಅದೇ ಸಮೀಕ್ಷೆಯಲ್ಲಿ ರೈತ ಕುಟುಂಬಗಳ ಅರ್ಧ ಪಾಲು ಸಾಲದಲ್ಲಿವೆ, ತಲಾ ಕುಟುಂಬದ ಸರಾಸರಿ ಬಾಕಿ 74,121 ರೂಪಾಯಿ. ಸಾಲ ಕೊಡುವವನು ಬದಲಾದ, ಸಾಲ ತೀರಲಿಲ್ಲ. ಯಾಕೆ? ಬೆಲೆ ಕಡೆ ನೋಡಬೇಕು.

ಬೆಲೆ ಏರಿದರೆ ಕಣ್ಣು, ಇಳಿದರೆ ಕುರುಡು

1956ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಒಂದು ಹೊಸ ಅಸ್ತ್ರ ಹಿಡಿಯಿತು. ಭತ್ತ, ಅಕ್ಕಿಯ ದಾಸ್ತಾನಿನ ಮೇಲೆ ವ್ಯಾಪಾರಿಗಳಿಗೆ ಬ್ಯಾಂಕು ಇಷ್ಟಕ್ಕಿಂತ ಹೆಚ್ಚು ಸಾಲ ಕೊಡಬಾರದು ಅಂತ ಆದೇಶ. ಮುಂದೆ ಹತ್ತಿ, ಶೇಂಗಾದಂಥ ಎಣ್ಣೆಕಾಳು, ಸಕ್ಕರೆ ಎಲ್ಲ ಇದರಲ್ಲಿ ಸೇರಿದವು. ಬೆಲೆ ಏರಿತು ಅಂದರೆ ವ್ಯಾಪಾರಿಯ ಸಾಲ ಬಿಗಿ ಮಾಡೋದು, ಆಗ ಅವನು ದಾಸ್ತಾನು ಹೊರಗೆ ಬಿಡ್ತಾನೆ, ಬೆಲೆ ಇಳಿಯುತ್ತೆ ಅನ್ನೋ ಲೆಕ್ಕ. ಕಾಳಸಂತೆಯವನಿಗೆ ಇದು ಪೆಟ್ಟು ಕೊಟ್ಟದ್ದು ನಿಜ, ನಮ್ಮಿಂದ ಅಗ್ಗಕ್ಕೆ ಕೊಂಡು ಕೂಡಿಟ್ಟವನೂ ಅವನೇ. ಆದರೆ ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಎತ್ತಿ ನಿಲ್ಲಿಸೋದಕ್ಕೆ ಅಷ್ಟೇ ಚುರುಕಾದ ಆದೇಶ ಇರಲಿಲ್ಲ. 1990ರ ದಶಕದಲ್ಲಿ ಈ ನಿಯಂತ್ರಣಗಳ ಬಹುಪಾಲು ಹಿಂತೆಗೆದರು.

2016ರಲ್ಲಿ ರಿಸರ್ವ್ ಬ್ಯಾಂಕಿನ ಕಾಯ್ದೆಗೇ ತಿದ್ದುಪಡಿ ಮಾಡಿ, ಗ್ರಾಹಕ ಬೆಲೆ ಏರಿಕೆಯನ್ನು ನೂರಕ್ಕೆ 4ರ ಸುತ್ತ ಹಿಡಿದಿಡಬೇಕು ಅಂತ ಗುರಿ ಹಾಕಿದರು. ಆ ಲೆಕ್ಕಕ್ಕೆ ಆಗ ಬಳಸಿದ ಬೆಲೆ ಸೂಚಿಯಲ್ಲಿ ತಿನ್ನುವ ಪದಾರ್ಥಗಳ ತೂಕ ನೂರಕ್ಕೆ ಸುಮಾರು 46. ಈರುಳ್ಳಿ ಪಟ್ಟಣದಲ್ಲಿ ತುಟ್ಟಿಯಾದರೆ ದೆಹಲಿಗೂ ಮುಂಬಯಿಗೂ ಕೇಳಿಸುತ್ತೆ. ಅದೇ ಈರುಳ್ಳಿಗೆ ಕಿತ್ತ ಕೂಲಿಯೂ ಹುಟ್ಟದೆ ನಾವು ಹೊಲದಲ್ಲೇ ಬಿಟ್ಟರೆ ಆ ಲೆಕ್ಕದಲ್ಲಿ ಅದು ಒಳ್ಳೆ ಸುದ್ದಿ. ರಿಸರ್ವ್ ಬ್ಯಾಂಕು ರೈತದ್ವೇಷಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಕೊಟ್ಟಿರುವ ಕೆಲಸ ತಿನ್ನುವವನ ಬೆಲೆ ಕಾಯೋದು. ಬೆಳೆಯುವವನ ಬೆಲೆ ಕಾಯೋದು ಸರ್ಕಾರದ ಕೆಲಸ, ಅದನ್ನು ಕೇಳಬೇಕಾದ ಬಾಗಿಲು ಬೇರೆ. ಎರಡನ್ನೂ ಬೆರೆಸಿ ಬ್ಯಾಂಕಿನ ಗುಮಾಸ್ತನ ಹತ್ತಿರ ಜಗಳ ಆಡಿದರೆ ನಮಗೆ ಗಂಟಲು ನೋವು, ಅಷ್ಟೇ.

ಕೇಳಿದವನಿಗೆ ದಕ್ಕುವ ನಿಯಮ

ಹಾಗಾದರೆ ಬ್ಯಾಂಕಿನ ಬಾಗಿಲಲ್ಲಿ ಏನು ಕೇಳಬೇಕು? ನಾಲ್ಕು ವಿಷಯ ಗಂಟು ಹಾಕಿಕೊಳ್ಳಿ.

ಒಂದು, ಬಡ್ಡಿ. ಬೆಳೆಸಾಲದ ವಾಯಿದೆ ಇನ್ನೂ ಮೀರಿಲ್ಲದಾಗ ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು ಅಂತ 1976ರಲ್ಲೇ ರಿಸರ್ವ್ ಬ್ಯಾಂಕು ಸುತ್ತೋಲೆ ಕಳಿಸಿತ್ತು. ಸುತ್ತೋಲೆ ಇದ್ದರೂ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದ ಪ್ರಕರಣಗಳು ಕೋರ್ಟಿಗೆ ಹೋದವು. ಕರ್ನಾಟಕದಿಂದ ಹೋದ ಕಾರ್ಪೊರೇಷನ್ ಬ್ಯಾಂಕಿನ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು, ಕೃಷಿ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ಮೀರಿ ಹಾಗೆ ಚಕ್ರಬಡ್ಡಿ ಹಾಕುವಂತಿಲ್ಲ ಅಂತ ಹೇಳಿತು. ಸಣ್ಣ, ಅತಿ ಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಅಂತ ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನದಲ್ಲೂ ಇದೆ. ನಮ್ಮ ಹಿರಿಯರು ದಾಮದುಪ್ಪಟ ಅಂತ ಕರೆಯುತ್ತಿದ್ದ ಹಳೇ ನ್ಯಾಯವೇ ಇದು. ಖಾತೆಯ ಲೆಕ್ಕದ ಪ್ರತಿ ಕೇಳಿ ತಗೊಳ್ಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖಿಗೆ ಸೇರಿಸಿದರು ಅಂತ ಮನೆಯ ಓದಿದ ಮಕ್ಕಳ ಕೈಲಿ ಓದಿಸಿ.

ಎರಡು, ಜಾಮೀನು. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕು ಹೇಳಿದೆ. ಅದಕ್ಕೆ ಮುಂಚೆ ಆ ಮಿತಿ 1.6 ಲಕ್ಷ.

ಮೂರು, ಬರ. ಬರ ಜಗಳೂರಿಗೆ ಹೊಸ ನೆಂಟನಲ್ಲ. ಬರ ಘೋಷಣೆಯಾಗಿ ಬೆಳೆ ಹೋದರೆ ಬೆಳೆಸಾಲವನ್ನು ಕಂತಿನ ಸಾಲವಾಗಿ ಬದಲಾಯಿಸುವ ಪದ್ಧತಿ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಆದರೆ ಅದಕ್ಕೆ ಕಾಲ ಉಂಟು. ವಾಯಿದೆ ಮೀರಿ ಸಾಲ ಸುಸ್ತಿಯಾದ ಮೇಲೆ ಅರ್ಜಿ ಹಿಡಿದು ಹೋದರೆ ದಾರಿ ಕಿರಿದಾಗಿರುತ್ತೆ. ತಾಲ್ಲೂಕು ಬರಪೀಡಿತ ಅಂತ ಆದ ವಾರವೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಬ್ಯಾಂಕಿನಲ್ಲಿ ಖಾತೆ ಇಲ್ಲ. ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ನಾಲ್ಕು, ನೀವು ಇಟ್ಟ ಹಣ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು ಇವುಗಳಲ್ಲಿ ಇಟ್ಟ ಹಣಕ್ಕೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಉಂಟು. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿಟ್ಟರೆ ಎರಡೂ ಸೇರಿ ಐದೇ ಲಕ್ಷ. ಆದರೆ ನಮ್ಮ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಪೇಟೆಯಲ್ಲಿ ಗಾಜಿನ ಬಾಗಿಲು ಹಾಕಿ ಹೆಚ್ಚು ಬಡ್ಡಿ ಕೊಡ್ತೇವೆ ಅನ್ನುವ ಪತ್ತಿನ ಸಹಕಾರಿಗಳಿಗೂ ಇಲ್ಲ. ಅವು ಬ್ಯಾಂಕುಗಳಲ್ಲ, ಸಹಕಾರ ಇಲಾಖೆಯ ಕೆಳಗೆ ನಡೆಯುವ ಸಂಘಗಳು. ಸಂಘ ಬಿಡಿ ಅಂತ ನಾನು ಹೇಳೋದಿಲ್ಲ. ಬೆಳೆಸಾಲಕ್ಕೆ, ಗೊಬ್ಬರಕ್ಕೆ ನಮಗೆ ಸಂಘ ಬೇಕು, ಅದು ನಮ್ಮದೇ ಮನೆ. ಅದಕ್ಕೇ ಅಲ್ಲಿ ರಿಸರ್ವ್ ಬ್ಯಾಂಕಿನ ಕಾವಲಿನ ಬದಲು ಸದಸ್ಯರ ಕಾವಲು ಇರಬೇಕು. ವಾರ್ಷಿಕ ಸಭೆಗೆ ಹೋಗಿ ಉಪ್ಪಿಟ್ಟು ತಿಂದು ಸಹಿ ಹಾಕಿ ಬರೋದಲ್ಲ. ಲೆಕ್ಕ ತಪಾಸಣೆ ವರದಿ ಮೇಜಿನ ಮೇಲೆ ಇಡಿಸಿ, ಸುಸ್ತಿದಾರರ ಪಟ್ಟಿ ಓದಿಸಿ. ಜಮೀನು ಮಾರಿದ ಹಣ, ಮಗಳ ಮದುವೆಗೆ ಕೂಡಿಟ್ಟ ಹಣ ಎಲ್ಲಿಡಬೇಕು ಅಂತ ಯೋಚನೆ ಮಾಡಿ ಇಡಿ.

ಇನ್ನೊಂದು ಮಾತು ಹೇಳಿ ಮುಗಿಸ್ತೇನೆ. 1934ರಲ್ಲಿ ರೈತನಿಗೆ ಅಂತ ಬರೆದ ಕಲಮು ಹೊಲಕ್ಕೆ ಬರೋದಕ್ಕೆ ಮೂವತ್ತೈದು ವರ್ಷ ಹಿಡಿಯಿತು. 1976ರ ಬಡ್ಡಿ ಸುತ್ತೋಲೆಯ ಬೆಲೆ ತಿಳಿಯೋದಕ್ಕೆ ಹದಿನೆಂಟು ವರ್ಷ, ಅದೂ ಸುಪ್ರೀಂ ಕೋರ್ಟಿನ ತನಕ ಹೋಗಿ. ಮೇಲಿನಿಂದ ಹೊರಟ ನಿಯಮ ಶಾಖೆಯ ಮೇಜಿಗೆ ಬರುವಷ್ಟರಲ್ಲಿ ಎಷ್ಟೋ ಬೇಸಾಯ ಮುಗಿದುಹೋಗಿರುತ್ತೆ. ಅದನ್ನು ಬೇಗ ತರಿಸೋದು ನಮ್ಮ ಕೆಲಸ. ಒಬ್ಬನೇ ಹೋದರೆ ನಾಳೆ ಬಾ ಅಂತಾರೆ. ಊರಿನ ಹತ್ತು ಜನ, ಹತ್ತು ಪಾಸ್‌ಬುಕ್ಕು ಹಿಡಿದು, ಇದೇ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ. ಈ ಸುಗ್ಗಿ ಮುಗಿಯೋದರ ಒಳಗೆ ಹೋಗಿ.